ಎಮ್ಮೆ ಇನ್ನೂ ನೀರಿನಲ್ಲಿ

ನವೆಂಬರ್ 18, ಸೋಮವಾರ

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ಕಣಕುಂಬಿಯ ಬಾಳವ್ವ. ನಾನು ಕಂಡಕ್ಟರಾಗಿ ಆ ಊರಿನ ವಸ್ತಿ ಬಸ್ಸಿಗೆ ಹೋದ ಮೊದಲ ಮಳೆಗಾಲದಲ್ಲಿ ಹೇಳಿದಳು. ಬಸ್ಸು ಸಂಜೆ ಖಾನಾಪುರ ಬಿಟ್ಟು ಕಣಕುಂಬಿಗೆ ಹೋಗಿ, ಇರುಳು ಅಲ್ಲೇ ಇದ್ದು, ಬೆಳಿಗ್ಗೆ ಹೊರಳಿ ಬರುತ್ತದೆ. ಡ್ರೈವರ್ ಗುರುಸಿದ್ದ ಉಂಡು ಬಸ್ಸಿನಲ್ಲೇ ಮಲಗುತ್ತಿದ್ದ. ನಾನು ಬಾಳವ್ವನ ಪಡಸಾಲೆಯಲ್ಲಿ ಕೂಡುತ್ತಿದ್ದೆ. ಮೊದಲು ಕೇಳುವವನಾಗಿ, ಆಮೇಲೆ ಹೇಳುವವನಾಗಿ.

ಕಥೆ ಇಷ್ಟು. ಒಬ್ಬ ಸೊಸೆ. ತವರಿನವರು ಅವಳಿಗೊಂದು ಎಮ್ಮೆ ಕೊಟ್ಟು ಕಳಿಸಿದ್ದರು. ಎಮ್ಮೆ ಹೊಳೆಯಾಚೆ ಮೇಯುತ್ತಿತ್ತು. ಸಂಜೆ ಸೊಸೆ ದಂಡೆಗೆ ನಿಂತು ಹಾಡಿದರೆ ಮಾತ್ರ ನೀರು ದಾಟಿ ಮನೆಗೆ ಬರುತ್ತಿತ್ತು.

ಬಾರ ಎಮ್ಮಿ ಬಾರ, ನನ್ನ ತವರಿನೆಮ್ಮಿ ಬಾರ,
ಹೊಳಿ ಬಂದರ ಬರಲಿ, ನೀ ನನ್ನ ಕಡಿ ಬಾರ.

ಅತ್ತೆಗೆ ಇದು ಸೇರಲಿಲ್ಲ. ಸೊಸೆಯ ದನಿ ಹೊಸ್ತಿಲು ದಾಟಬಾರದು, ಇನ್ನು ಹಾಡಕೂಡದು ಎಂದಳು. ಅಂದೇ ಮಳೆ ಹಿಡಿಯಿತು. ಎಮ್ಮೆ ಹೊಳೆಗೆ ಇಳಿದು, ನಡುನೀರಿನಲ್ಲಿ ನಿಂತು, ಹಾಡಿಗೆ ಕಾಯತೊಡಗಿತು. ನೀರು ಅದರ ಕೊರಳಿಗೆ ಬಂತು.

ಬಾಳವ್ವನ ಪಡಸಾಲೆಯಲ್ಲಿ ಈ ಕಥೆಯನ್ನು ನಾನು ಹೇಳುವಾಗ ಅಲ್ಲಿಗೆ ನಿಲ್ಲಿಸಿದ್ದೆ. ಜುಲೈ ತಿಂಗಳು. ಗಂಟಲು ಕಟ್ಟಿತ್ತು. ಉಳಿದದ್ದು ಮುಂದಿನ ವಸ್ತಿಗೆ ಎಂದು ಎದ್ದೆ. ಮುಂದಿನ ವಸ್ತಿ ಬರಲಿಲ್ಲ. ಆಗಸ್ಟಿನಲ್ಲಿ ಬೆಳಗಾವಿಯ ನೆಹರು ನಗರದ ದವಾಖಾನೆಯಲ್ಲಿ ಗಂಟಲಿನ ಗಡ್ಡೆಯ ಜೊತೆ ದನಿಪೆಟ್ಟಿಗೆಯನ್ನೂ ತೆಗೆದರು. ಈಗ ಕುತ್ತಿಗೆಯ ತೂತಿನಿಂದ ಉಸಿರಾಡುತ್ತೇನೆ. ಮಾತು ಬೇಕಾದರೆ ಪಾಟಿಯ ಮೇಲೆ ಬಳಪದಿಂದ ಬರೆಯುತ್ತೇನೆ.

ದವಾಖಾನೆಯಲ್ಲಿ ಮಾತು ಕಲಿಸುವ ಹುಡುಗಿ ಪದ್ಮಶ್ರೀ, ದಿನಾ ನಾಲ್ಕು ಸಾಲು ಬರೆಯಿರಿ ಕಾಕಾ ಎಂದಿದ್ದಾಳೆ. ಬರೆದೆ.

ನವೆಂಬರ್ 26, ಮಂಗಳವಾರ

ಪದ್ಮಶ್ರೀ ಒಂದು ಯಂತ್ರ ಕೊಟ್ಟಿದ್ದಾಳೆ. ಗದ್ದದ ಕೆಳಗೆ ಒತ್ತಿ ಹಿಡಿದು ಬಾಯಿ ಆಡಿಸಿದರೆ ದನಿ ಬರುತ್ತದೆ. ಚಹಾ ಕೇಳಲು ಸಾಕು. ಕಥೆಗೆ ಆಗದು. ಅದರಲ್ಲಿ ಅತ್ತೆ, ಸೊಸೆ, ಎಮ್ಮೆ ಎಲ್ಲರೂ ಒಂದೇ ದನಿಯಲ್ಲಿ ಮಾತಾಡುತ್ತಾರೆ. ಕಪಾಟಿನಲ್ಲಿ ಇಟ್ಟಿದ್ದೇನೆ.

ಸಂಜೆ ಗುರುಸಿದ್ದ ಬಂದಿದ್ದ. ನನ್ನ ಹೆಂಡತಿ ಸುಲಭಾ ಚಹಾ ಕೊಟ್ಟಳು. ಅವನು ಬಶಿಗೆ ಸುರುವಿಕೊಂಡು ಕುಡಿದ.

"ಕಣಕುಂಬಿಯವರು ಕೇಳಾಕತ್ತಾರ, ಕೃಷ್ಣಾಜಿ. ಎಮ್ಮಿ ಇನ್ನೂ ನೀರಾಗ ನಿಂತೈತೇನಂತ."

ನಾನು ಅವನ ಬಶಿಗೆ ಇನ್ನಷ್ಟು ಚಹಾ ಹಾಕಿದೆ.

"ಅದಕ್ಕ ಥಂಡಿ ಹತ್ತಿ ಸತ್ತಗಿತ್ತೀತು. ಏನ್ ಹೇಳ್ಲಿ ಅವರಿಗೆ?"

"ಇವರಿಗೆ ಸ್ವಲ್ಪ ಆರಾಮ ಆಗ್ಲಿ, ಭಾವಜಿ" ಎಂದಳು ಸುಲಭಾ. ಈಗೀಗ ನನ್ನ ಉತ್ತರಗಳನ್ನು ಅವಳೇ ಕೊಡುತ್ತಾಳೆ.

ಬಾಳವ್ವನ ಪಡಸಾಲೆಗೆ ಒಂದು ಕಟ್ಟಳೆ ಇದೆ. ಕಥೆ ಎತ್ತಿದವನೇ ಅದನ್ನು ಇಳಿಸಬೇಕು. ಅದು ಇಳಿಯುವ ತನಕ ಅಲ್ಲಿ ಇನ್ನೊಂದು ಕಥೆ ಏಳುವಂತಿಲ್ಲ. ಆಗುವುದಿಲ್ಲ ಎಂದಾದರೆ ಎಲೆ ಅಡಿಕೆ ಕಳಿಸಿ ಕಥೆಯನ್ನು ಬಿಟ್ಟುಕೊಡಬಹುದು. ಬಿಟ್ಟುಕೊಟ್ಟ ಕಥೆಯನ್ನು ಆ ಊರಿನಲ್ಲಿ ಮತ್ತೆ ಯಾರೂ ಹೇಳುವುದಿಲ್ಲ. ಬಿಟ್ಟುಕೊಟ್ಟವನೂ ಅಲ್ಲಿ ಮತ್ತೆ ಕಥೆ ಎತ್ತುವುದಿಲ್ಲ. ನಾನು ಕಂಡಂತೆ ಯಾರೂ ಹಾಗೆ ಕಳಿಸಿದ್ದಿಲ್ಲ.

ಹಾಗಾಗಿ ಜುಲೈಯಿಂದ ಆ ಪಡಸಾಲೆಯಲ್ಲಿ ಕಥೆ ಇಲ್ಲ.

ಡಿಸೆಂಬರ್ 5, ಗುರುವಾರ

ಡಿಪೋದಲ್ಲಿ ನನಗೆ ಈಗ ಕೂತು ಮಾಡುವ ಕೆಲಸ. ಬಸ್ಸಿನಲ್ಲಿ ಜನ ಬಿಟ್ಟುಹೋದ ಸಾಮಾನು ಇಡುವ ಕೋಣೆ. ಕೊಡೆ, ಟಿಫಿನ್ ಡಬ್ಬಿ, ಒಂದೇ ಕಾಲಿನ ಚಪ್ಪಲಿ. ಇಲ್ಲಿ ಯಾರೂ ಮಾತಾಡಿಸುವುದಿಲ್ಲ. ಒಳ್ಳೆಯದೇ.

ಇವತ್ತು ಹರಾಜು ಇತ್ತು. ಗೋವಾದಿಂದ ಬಂದ ಯಾವನೋ ಬಿಟ್ಟುಹೋದ ಗಿಟಾರು ಉಳಿದಿತ್ತು. ಯಾರಿಗೂ ಬೇಡ. ಗುರುಸಿದ್ದ ಕೂಗಿ ತೆಗೆದುಕೊಂಡು ತಂದು ನನ್ನ ಮೇಜಿನ ಮೇಲೆ ಇಟ್ಟ.

"ತಗೋ. ಬಾಯಿ ಸುಮ್ಮನದ, ಕೈನೂ ಸುಮ್ಮನ ಯಾಕ ಕುಂದರಬೇಕು?"

ಮನೆಗೆ ತಂದೆ. ಸುಲಭಾ ಒರೆಸಿ ಗೋಡೆಗೆ ಆನಿಸಿದಳು. ಪೋಸ್ಟ್ ಆಫೀಸಿನಲ್ಲಿ ಪಾರ್ಸಲ್ ಇಟ್ಟ ಹಾಗೆ ಇಟ್ಟಳು. ಅಲ್ಲಿ ಅವಳ ಕೆಲಸವೇ ಅದು.

ಡಿಸೆಂಬರ್ 6, ಶುಕ್ರವಾರ

ಏನೂ ಇಲ್ಲ.

ಡಿಸೆಂಬರ್ 21, ಶನಿವಾರ

ನೆಹರು ನಗರದ ತಪಾಸಣೆ ಮುಗಿಸಿ ಖಡೇಬಜಾರಿಗೆ ಹೋದೆವು. ತಬಲಾ, ಹಾರ್ಮೋನಿಯಂ ದುರಸ್ತಿ ಮಾಡುವ ಇಸಾಕ ಮಾಸ್ತರರ ಅಂಗಡಿ. ಮಹಡಿಯ ಮೇಲೆ ಗಿಟಾರು ಕಲಿಸುತ್ತಾರೆ. ಸುಲಭಾ ಎಲ್ಲವನ್ನೂ ಹೇಳಿದಳು. ಅವರು ನನ್ನ ಕುತ್ತಿಗೆಯ ಬಟ್ಟೆಯನ್ನು ನೋಡಿ, ಆಮೇಲೆ ಬೆರಳುಗಳನ್ನು ನೋಡಿದರು.

"ಟಿಕೆಟ್ ಹರದ ಹರದ ಬೆರಳು ಗಟ್ಟಿ ಆಗ್ಯಾವು. ಛಲೋ ಅದ. ಕುಂದರ್ರಿ ಭಾಯ್."

ಮೂರು ಕಾರ್ಡ್ ತೋರಿಸಿದರು. ಕಾರ್ಡ್ ಎಂದರೆ ಎಡಗೈಯ ಬೆರಳುಗಳಿಂದ ಕೆಲವು ತಂತಿಗಳನ್ನು ಒಟ್ಟಿಗೆ ಒತ್ತಿ ಬಲಗೈಯಿಂದ ಎಲ್ಲವನ್ನೂ ಸವರುವುದು. ಹೊಸಬರು ಎಂಥ ಹಾಡು ಆರಿಸಬೇಕು ಎಂದೂ ಹೇಳಿದರು. "ಎರಡ ಕಾರ್ಡಿನ ಹಾಡು ಹಿಡೀರಿ. ಸಾವಕಾಶ ಹೋಗೋದು ಇರಬೇಕು. ಬಾಯಿಪಾಠ ಇರಬೇಕು. ಮೂರನೇ ಕಾರ್ಡ್ ಬಂತಂದ್ರ ಅದಕ್ಕ ಸಲಾಂ ಮಾಡಿ ಮುಂದಿನ ಹಾಡಿಗೆ ಹೋಗ್ರಿ."

ಬೆರಳಿನ ತುದಿ ಉರಿಯುತ್ತಿದೆ.

ಜನವರಿ 9, ಗುರುವಾರ

ಬೆರಳಿನ ತುದಿಯಲ್ಲಿ ಸ್ಪರ್ಶ ಇಲ್ಲ. ಉರಿಯೂ ಇಲ್ಲ. ಬಿಸಿ ತಟ್ಟೆ ಹಿಡಿದರೂ ತಿಳಿಯುವುದಿಲ್ಲ.

ಹಾಡು ಆರಿಸುತ್ತಿದ್ದೇನೆ. ಆರತಿ ಹಾಡು ಬೇಡ, ಕೊನೆಗೆ ಓಡುತ್ತದೆ. ಸಿನಿಮಾ ಹಾಡುಗಳಲ್ಲಿ ಮೂರನೆಯ ಕಾರ್ಡ್ ಎಲ್ಲಿಂದಲೋ ಬಂದುಬಿಡುತ್ತದೆ. ಹೆಣ್ಣುಮಕ್ಕಳು ರಾಗಿ ಬೀಸುವಾಗ ಹೇಳುವ ಹಾಡು ಎರಡೇ ಕಾರ್ಡಿಗೆ ಸರಿಹೋಯಿತು. ಅದನ್ನೇ ಹಿಡಿದಿದ್ದೇನೆ. ಸಂಜೆ ಡಿಪೋದಿಂದ ಬಂದು ಊಟದ ತನಕ ಅದೇ.

ಜನವರಿ 20, ಸೋಮವಾರ

ಬೀಸುವ ಹಾಡನ್ನು ಸುಲಭಾಗೆ ಬಾರಿಸಿ ತೋರಿಸಿದೆ. ಒಂದು ಕಡೆಯೂ ತಪ್ಪಲಿಲ್ಲ. ಅವಳು ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಕೇಳಿದಳು.

"ಛಂದ ಐತ್ರಿ. ಯಾವ ಹಾಡು?"

ಪಾಟಿ ಕೊಡಲಿಲ್ಲ. ನೀನೇ ಹೇಳು ಎಂದು ಕೈ ಮಾಡಿದೆ.

"ರೇಲ್ವೆ ಹಾಡೇನ್ರಿ? ಲೋಂಡಾ ಸ್ಟೇಶನ್‌ದಾಗ ಗಾಡಿ ಬಿಟ್ಟಂಗ ಆತು."

ಅವಳೇ ದಿನಾ ಗುನುಗುವ ಹಾಡು ಅದು. ಗಿಟಾರನ್ನು ಗೋಡೆಗೆ ಆನಿಸಿ ಬಂದು ಉಂಡೆ.

ಜನವರಿ 25, ಶನಿವಾರ

ಸುಲಭಾಗೆ ತನ್ನದೇ ಹಾಡಿನ ಗುರುತು ಯಾಕೆ ಸಿಗಲಿಲ್ಲ ಎಂದು ಇಸಾಕ ಮಾಸ್ತರರಿಗೆ ಪಾಟಿಯ ಮೇಲೆ ಬರೆದು ಕೇಳಿದೆ. ಅವರು ಓದಿ ಗಡ್ಡ ಕೆರೆದುಕೊಂಡರು.

"ನನ್ನ ತಪ್ಪು ಭಾಯ್. ಇಷ್ಟ ವರ್ಷ ಕಲಸೇನಿ, ಇದನ್ನ ವಿಚಾರ ಮಾಡಿದ್ದಿಲ್ಲ. ಸುಲಭ ಹಾಡು ಸುಲಭ ಯಾಕಂದ್ರ, ಹಾಡಿನ ಭಾರ ಎಲ್ಲಾ ಬಾಯಿ ಹೊರತೈತಿ. ಕಾರ್ಡ್ ಸುಮ್ಮನ ಹಿಂದ ನಡಕೊಂತ ಹೋಗತಾವು. ಬಾಯಿ ಇಲ್ದ ಬರೇ ಕಾರ್ಡ್ ಬಾರಿಸಿದ್ರ, ಮದಿಮಗಾ ಇಲ್ದ ದಿಬ್ಬಣ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ನನಗೇನೂ ಅನಿಸಲಿಲ್ಲ. ಅವರು ಹೇಳಿದ್ದು ಖರೆ.

ಇನ್ನು ಮೇಲೆ ಒಂದೊಂದೇ ತಂತಿಯ ಮೇಲೆ ಹಾಡಿನ ಧಾಟಿಯನ್ನೇ ಬಾರಿಸಬೇಕಂತೆ. ಆರಿಸುವ ರೀತಿಯೂ ಬದಲಾಗಬೇಕು. ಸ್ವರ ಕಡಿಮೆ ಇರಬೇಕು, ದನಿ ಬಹಳ ಏರಿಳಿಯಬಾರದು.

ಫೆಬ್ರವರಿ 12, ಬುಧವಾರ

ಜೋಗುಳ ನೋಡಿದೆ. ಆಗುವುದಿಲ್ಲ. ಜೋಗುಳ ಜಾರುತ್ತದೆ. ಗಿಟಾರಿನ ಮೇಲೆ ಅಡ್ಡ ಪಟ್ಟಿಗಳಿವೆ, ಅವು ಜಾರಗೊಡುವುದಿಲ್ಲ. ಸೋಬಾನೆಯೂ ಹಾಗೇ. ಕೇಕ್ ಕತ್ತರಿಸುವಾಗ ಮಕ್ಕಳು ಹೇಳುವ ಹಾಡು ನಡುವೆ ಒಮ್ಮೆಲೆ ಮೇಲೆ ಹಾರುತ್ತದೆ, ನನ್ನ ಬೆರಳು ಅಲ್ಲಿಗೆ ಹೋಗಿ ಮುಟ್ಟುವ ಹೊತ್ತಿಗೆ ಕೇಕ್ ಮುಗಿದಿರುತ್ತದೆ.

ಎಮ್ಮೆಯ ಹಾಡು ಸಿಕ್ಕಿತು. ಅದನ್ನು ಹಾಡೆಂದು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ, ಅದು ಕೂಗು. ಒಂದೇ ತಂತಿಯ ಮೇಲೆ ಕೂತುಬಿಡುತ್ತದೆ. ಸುಲಭ ಇದೆಯೆಂದು ಹಿಡಿದೆ, ಬೇರೆ ಕಾರಣವಿಲ್ಲ.

ಮಾರ್ಚ್ 1, ಶನಿವಾರ

ಇಸಾಕ ಮಾಸ್ತರರು ಬಯ್ದರು.

"ಸಾಲಿನ ಕೊನಿಗೆ ಯಾಕ ನಿಲ್ತೀರಿ? ತಾಳ ಹೊಂಟ ಹೋಗತದ. ಬಸ್ ಸ್ಟಾಪ್ ಬಂತೇನು ಅಲ್ಲೆ?"

ಪಾಟಿಯ ಮೇಲೆ ಬರೆದೆ: ಅಲ್ಲಿ ಹೂಂ ಬರುತ್ತದೆ.

ಅವರಿಗೆ ತಿಳಿಯಲಿಲ್ಲ. ಕಥೆ ಹೇಳುವವನ ಎದುರು ಒಬ್ಬರು ಕೂತು ಮಾತು ಮಾತಿಗೆ ಹೂಂ ಎನ್ನಬೇಕು. ಹೂಂ ನಿಂತರೆ ಕೇಳುವವರಿಗೆ ನಿದ್ದೆ ಬಂತೆಂದು ಅರ್ಥ, ಕಥೆ ನಿಲ್ಲಬೇಕು. ಕಣಕುಂಬಿಯಲ್ಲಿ ಹೂಂ ಬಾಳವ್ವನದು. ಇದನ್ನೆಲ್ಲ ಬರೆಯಲು ಪಾಟಿ ಎರಡು ಸಲ ಒರೆಸಬೇಕಾಯಿತು. ಮಾಸ್ತರರು ಓದಿ, "ಮತ್ತ ನಿಲ್ರಿ" ಎಂದರು.

ಮಾರ್ಚ್ 10, ಸೋಮವಾರ

ಗುರುಸಿದ್ದ ಮತ್ತೆ ಬಂದಿದ್ದ. ಪಡಸಾಲೆಗೆ ಈಗ ಜನ ಬರುವುದೇ ಕಡಿಮೆಯಂತೆ. ಬಂದವರು ಕೂತು ತಮ್ಮ ತಮ್ಮ ಮೊಬೈಲು ನೋಡಿ ಎದ್ದು ಹೋಗುತ್ತಾರಂತೆ. ಬಾಳವ್ವ ದೀಪ ಹಚ್ಚಿ ಒಬ್ಬಳೇ ಕೂಡುತ್ತಾಳಂತೆ.

ಅವರನ್ನು ಇನ್ನೂ ಕಟ್ಟಿಹಾಕುವುದು ಸರಿಯಲ್ಲ. ಮೂಲೆ ಅಂಗಡಿಯಿಂದ ಎಲೆ ಅಡಿಕೆ ತಂದು, ಕಾಗದದಲ್ಲಿ ಸುತ್ತಿ, ಬಾಳವ್ವನಿಗೆ ಕೊಡು ಎಂದು ಬರೆದು ತೋರಿಸಿ ಅವನ ಕೈಗೆ ಕೊಟ್ಟೆ. ಅವನು ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡ.

ಸುಲಭಾ ಬಾಗಿಲಲ್ಲಿ ನಿಂತಿದ್ದಳು. ಊಟಕ್ಕೆ ಬಡಿಸಿ ಒಳಗೆ ಹೋದಳು.

ಇಲ್ಲಿಗೆ ಅದು ಮುಗಿಯಿತು. ಏನೂ ಅನಿಸುತ್ತಿಲ್ಲ. ನಿದ್ದೆ ಚೆನ್ನಾಗಿ ಬರಬಹುದು.

ಮಾರ್ಚ್ 11, ಮಂಗಳವಾರ

ನಿದ್ದೆ ಬರಲಿಲ್ಲ. ಸೆಕೆ.

ಮಾರ್ಚ್ 13, ಗುರುವಾರ

ಗುರುಸಿದ್ದ ಡಿಪೋದ ಕೋಣೆಗೆ ಬಂದು ಕೊಡೆಗಳ ನಡುವೆ ನಿಂತ. ಬಾಯಿ ಕೆಂಪಗಿತ್ತು.

ಕೊಟ್ಟೆಯಾ ಎಂದು ಬರೆದು ತೋರಿಸಿದೆ.

"ಏನ?"

ಎಲೆ ಅಡಿಕೆ.

"ಅದಾ? ಜಾಂಬೋಟಿ ಏರಿನಾಗ ಬಾಯಿ ಒಣಗಿತ್ತಪಾ. ತಿಂದೆ. ಅಡಕಿ ಛಲೋ ಇತ್ತು. ಇನ್ನೊಂದ ಇದ್ರ ಕೊಡು."

ನಾನು ಪಾಟಿಯ ಮೇಲೆ ಒಂದು ಬಯ್ಗುಳ ಬರೆದೆ. ನಮ್ಮೂರ ಕಡೆಯದು, ಇಲ್ಲಿ ಬರೆಯುವಂಥದ್ದಲ್ಲ. ಅವನು ಓದಿದ. ಅವನ ಮುಖ ಅರಳಿತು.

"ಇಷ್ಟ ದಿನ ಆದಮ್ಯಾಲೆ ಮಾತಾಡಿದ್ಯಲ್ಲೋ" ಎಂದ. ಪಾಟಿಯನ್ನು ಕಸಿದುಕೊಂಡು ಹೋಗಿ ಹೊರಗಿದ್ದ ಮೆಕ್ಯಾನಿಕರಿಗೆಲ್ಲ ತೋರಿಸಿ ಬಂದ.

ಅವನು ಹೋದ ಮೇಲೆ ಅಂಗಡಿಗೆ ಹೋಗಿ ಮತ್ತೆ ಎಲೆ ಅಡಿಕೆ ತರಬೇಕೆಂದುಕೊಂಡೆ. ಕೆಲಸ ಇತ್ತು. ಹೋಗಲಾಗಲಿಲ್ಲ.

ಮಾರ್ಚ್ 23, ರವಿವಾರ

ಮಧ್ಯಾಹ್ನ ಎಮ್ಮೆಯ ಹಾಡು ಬಾರಿಸುತ್ತಿದ್ದೆ. ಸುಲಭಾ ಒಳಗೆ ಕೊತ್ತಂಬರಿ ಬಿಡಿಸುತ್ತಿದ್ದಳು. ಮೊದಲ ಸಾಲಿಗೆ ನಿಂತೆ. ಒಳಗಿನಿಂದ ಹೂಂ ಎಂದಳು. ಎರಡನೆಯ ಸಾಲಿಗೆ ಮತ್ತೆ ಹೂಂ ಎಂದಳು. ಕೊತ್ತಂಬರಿ ಮುಗಿಯುವ ತನಕ ಹಾಗೇ ನಡೆಯಿತು. ಆಮೇಲೆ ಬಂದು, "ಕಣಕುಂಬಿಗೆ ಯಾವಾಗ ಹೋಗೂಣ್ರಿ?" ಎಂದಳು.

ಇಬ್ಬರೂ ಹೋಗುವ ಮಾತು ಎಲ್ಲಿಂದ ಬಂತೋ. ಅವಳು ಆ ಊರನ್ನು ಒಮ್ಮೆಯೂ ನೋಡಿಲ್ಲ. ವಸ್ತಿ ಇದ್ದ ರಾತ್ರಿಗಳಲ್ಲಿ ಅವಳು ಇಲ್ಲಿ ಒಬ್ಬಳೇ ಇರುತ್ತಿದ್ದಳು. ಅದನ್ನು ನಾನು ಇಷ್ಟು ವರ್ಷ ಯೋಚಿಸಿರಲಿಲ್ಲ.

ನೋಡೋಣ ಎಂದು ಬರೆದೆ.

ಏಪ್ರಿಲ್ 12, ಶನಿವಾರ

ಹೊರಟಿದ್ದೇವೆ. ಸುಲಭಾ ನನ್ನ ಕುತ್ತಿಗೆಯ ಬಟ್ಟೆಗಳನ್ನು ಒಗೆದು ಮಡಿಚಿ ಇಟ್ಟುಕೊಂಡಿದ್ದಾಳೆ. ಧೂಳು ಇದೆ. ಒಂದು ಕಥೆಯನ್ನು ಇಳಿಸಿ ಬರುವುದಷ್ಟೇ. ಧಾಟಿಯನ್ನು ಬಾರಿಸುತ್ತೇನೆ, ಉಳಿದದ್ದನ್ನು ಪಾಟಿಯ ಮೇಲೆ ಬರೆದು ತೋರಿಸುತ್ತೇನೆ, ಯಾರಾದರೂ ಓದಿ ಹೇಳಲಿ. ಚೆನ್ನಾಗಿ ಆಗುವುದಿಲ್ಲ, ಗೊತ್ತಿದೆ. ಆದರೆ ಮುಗಿಯುತ್ತದೆ.

ಏಪ್ರಿಲ್ 13, ರವಿವಾರ

ನಿನ್ನೆಯದನ್ನೂ ಇಲ್ಲೇ ಬರೆಯುತ್ತೇನೆ.

ದೀಪ ಹಚ್ಚುವ ಹೊತ್ತಿಗೆ ಬಸ್ಸು ಕಣಕುಂಬಿ ಮುಟ್ಟಿತು. ಪಡಸಾಲೆ ತುಂಬಿತ್ತು. ಗುರುಸಿದ್ದ ಮೊದಲೇ ಸುದ್ದಿ ಮುಟ್ಟಿಸಿದ್ದ. ಬಾಳವ್ವ ಕಂಬಕ್ಕೆ ಆನಿಕೊಂಡು ಕೂತಿದ್ದಳು. ಮೊದಲಿಗಿಂತ ಸಣ್ಣವಳಾಗಿ ಕಂಡಳು. ನನ್ನ ಕೈ ಹಿಡಿದು, ಬೆರಳಿನ ತುದಿಯನ್ನು ತನ್ನ ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಇವು ಎಂಥಾ ಬೆರಳೋ ಕಿಷ್ಣಾ. ಕುಂಬಾರಗ ಹುಟ್ಟಿದಂಗ ಆಗ್ಯಾವು. ಇಕಿ ಯಾರು?"

"ನಾ ಇವರ ಮನಿಯಾಕಿ, ಅತ್ತೆವ್ವಾ. ಸುಲಭಾ."

"ಬಾ ಯವ್ವಾ, ಬಾಜೂ ಕುಂದರು. ನಿನ್ನ ಗಂಡ ನಮ್ಮ ಎಮ್ಮಿ ನೀರಾಗ ಬಿಟ್ಟ ಹೋದ. ಒಂಬತ್ತ ತಿಂಗಳಾತು. ಕೂಸಾಗಿದ್ರ ಇಷ್ಟೊತ್ತಿಗೆ ಹೊರಗ ಬಂದಿರ್ತಿತ್ತು."

ನಗೆ ಎದ್ದಿತು.

ನಾನು ಬಾರಿಸಿದೆ. ಬಸ್ಸಿನ ಕುಲುಕಾಟಕ್ಕೆ ತಂತಿ ಸಡಿಲಾಗಿತ್ತು, ನಾನು ನೋಡಿಕೊಂಡಿರಲಿಲ್ಲ. ಧಾಟಿ ಕಾಲು ಮುರಿದ ಹಾಗೆ ನಡೆಯಿತು. ಹಿಂದೆ ಯಾವುದೋ ಮಗು ಕಿಸಕ್ಕೆಂದಿತು, ಅದರ ತಾಯಿ ಅದಕ್ಕೆ ಹೊಡೆದಳು. ಸಾಲಿನ ಕೊನೆಗೆ ನಿಂತೆ. ಪಾಟಿಗೆ ಕೈ ಹಾಕಿದೆ. ಬೆಳಕು ಸಾಲದು, ಅಲ್ಲಿ ಯಾರೂ ಅದನ್ನು ಓದಲಾರರು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಎದ್ದು ಬಸ್ಸಿಗೆ ಹೋಗಿಬಿಡೋಣ ಎನಿಸಿತು.

"ಹೂಂ" ಎಂದಳು ಬಾಳವ್ವ.

ಕೈ ತಾನೇ ಎರಡನೆಯ ಸಾಲನ್ನು ಬಾರಿಸಿತು.

"ಹೂಂ. ನೀರು ಕೊರಳಿಗೆ ಬಂತಂದಿ. ಸೊಸಿ ಒಳಗ ಬಾಯಿ ಕಟಗೊಂಡು ಕುಂತಾಳ. ಅತ್ತಿ ಮಗನ್ನ ಕಳಿಸಿದಳಂದಿ."

ನಾನು ಹಾಗೆ ಅಂದಿರಲಿಲ್ಲ. ಕಥೆ ಮಾತ್ರ ಹಾಗೇ ಇದೆ. ಮತ್ತೆ ಒಂದು ಸಾಲು ಬಾರಿಸಿದೆ.

"ಹೂಂ. ಮಗಾ ಹಾಡಿದ. ಎಮ್ಮಿ ಅಲ್ಲಾಡಲಿಲ್ಲ. ಮಾವ ಬಂದು ಹಾಡಿದ. ಎಮ್ಮಿ ಮುಖಾ ತಿರುವಿತು. ಹೌದಲ್ಲೋ?"

ಗುರುಸಿದ್ದ ಕಟ್ಟೆಯ ಮೇಲಿಂದ ಕೂಗಿದ. "ಯಾಕ ಬಾಳವ್ವಾ, ಕಟ್ಟಳಿ ನಿಂದು, ಮುರಿಯಾಕಿನೂ ನೀನೇನು? ಕಥಿ ನೀನ ಹೇಳಾಕತ್ತಿ."

"ನಾ ಎಲ್ಲಿ ಹೇಳಾಕತ್ತೇನೋ? ಹೇಳಾಂವ ಅಂವ. ನಾ ಹೂಂ ಅನ್ನಾಕತ್ತೇನಿ."

"ಹೂಂ ಅಂದ್ರ ಇಷ್ಟುದ್ದ ಇರತೈತೇನು?"

"ನನ್ನ ಹೂಂ ಮೊದಲಿಂದನೂ ಉದ್ದ ಐತಿ. ನೀ ಬಸ್ಸಿನಾಗ ಗೊರಕಿ ಹೊಡೀತಿದ್ದಿ, ನಿನಗೇನ ಗೊತ್ತು?"

ನನಗೂ ಅದು ಸರಿ ಎನಿಸಿತು. ಧಾಟಿಯನ್ನು ಬಿಟ್ಟುಬಿಟ್ಟೆ, ಅದು ಹೇಗೂ ಕುಂಟುತ್ತಿತ್ತು. ಇಸಾಕ ಮಾಸ್ತರರು ಮೊದಲ ದಿನ ತೋರಿಸಿದ ಕಾರ್ಡುಗಳಲ್ಲಿ ಎರಡನ್ನು ಹಿಡಿದು ಸುಮ್ಮನೆ ಸವರುತ್ತಾ ಹೋದೆ. ಬಾಳವ್ವನ ದನಿ ನಿಂತಲ್ಲಿ ನನ್ನ ಕೈ ನಿಂತಿತು, ಅದು ಎದ್ದಲ್ಲಿ ಎದ್ದಿತು.

ಕೊನೆಗೆ ಅತ್ತೆಯೇ ದಂಡೆಗೆ ಬಂದಳು. ಅವಳೂ ಒಂದು ಕಾಲದಲ್ಲಿ ಸೊಸೆಯಾಗಿ ಬಂದವಳು. ಬಂದ ದಿನವೇ ಅವಳ ಹಾಡನ್ನೂ ಯಾರೋ ನಿಲ್ಲಿಸಿದ್ದರು. ಬಾಯಿ ತೆರೆದರೆ ಒಂದು ಪದವೂ ನೆನಪಿಲ್ಲ. ನೀರಿಗೆ ಇಳಿದಳು. ಸೊಂಟದ ಮಟ್ಟಕ್ಕೆ ನೀರು ಬಂದಾಗ, ಇಷ್ಟು ದಿನ ಬೇಡ ಬೇಡವೆಂದು ಕೇಳಿದ ಸೊಸೆಯ ಹಾಡೇ ಬಾಯಿಗೆ ಬಂತು.

ಅದನ್ನು ಬಾಳವ್ವ ಹಾಡಿದಳು. ದನಿ ಒಡೆದಿತ್ತು. ಎರಡನೆಯ ಸಲ ಸುಲಭಾ ಜೊತೆಗೂಡಿದಳು. ಮೂರನೆಯ ಸಲ ಎಲ್ಲರೂ ಹಾಡಿದರು, ಗುರುಸಿದ್ದನೂ ಸಹ, ಅವನದು ಎಮ್ಮೆ ಓಡಿಹೋಗುವ ದನಿ. ಎಮ್ಮೆ ಬಂತು. ಅಂದಿನಿಂದ ಅದು ಅತ್ತೆ ಹಾಡಿದರೆ ಮಾತ್ರ ಹಾಲು ಕೊಡುತ್ತಿತ್ತಂತೆ. ಸೊಸೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಅತ್ತೀ, ಎರಡನೇ ಸಾಲು ತಪ್ಪಿತು ನೋಡ್ರಿ, ಎನ್ನುತ್ತಿದ್ದಳಂತೆ.

ನಾನು ಅಂಗೈಯನ್ನು ತಂತಿಗಳ ಮೇಲೆ ಇಟ್ಟೆ. ಕಥೆ ಇಳಿಯಿತು.

ಊಟಕ್ಕೆ ಬಾಳವ್ವನ ಮನೆಯಲ್ಲೇ ರೊಟ್ಟಿ, ಹುರುಳಿ ಸಾರು. ತಟ್ಟೆ ಬಿಸಿ ಇತ್ತು, ಈ ಸಲ ಬೆರಳಿಗೆ ತಿಳಿಯಿತು, ಕೆಳಗಿಟ್ಟು ಉಂಡೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆವು. ಖಾನಾಪುರದ ಸಂತೆಗೆ ಹೊರಟ ಹೆಂಗಸರು ಬುಟ್ಟಿಗಳೊಂದಿಗೆ ಹತ್ತಿದರು, ಎಲ್ಲರೂ ರಾತ್ರಿ ಪಡಸಾಲೆಯಲ್ಲಿದ್ದವರೇ. ಬಸ್ಸು ಊರು ದಾಟುವ ಮೊದಲೇ ಅವರಲ್ಲೊಬ್ಬಳು ಒಂದು ಹೊಸ ಕಥೆ ಎತ್ತಿದಳು. ಹಗಲು ಕಥೆ ಹೇಳಿದರೆ ದಾರಿಯಲ್ಲಿ ಹೋಗುವವರು ದಾರಿ ತಪ್ಪುತ್ತಾರೆ ಎಂದು ನಮ್ಮಲ್ಲಿ ನಂಬಿಕೆ. ಹಿಂದಿನ ಸೀಟಿನ ಮುದುಕಿ ಅದನ್ನು ನೆನಪಿಸಿದಳು.

"ತಪ್ಪಿದ್ರ ತಪ್ಪಲಿ ಬಿಡವ್ವಾ. ಸಂಜಿ ಮಟಾ ತಡಿಯಾಕ ಆಗಂಗಿಲ್ಲ. ಹೊಟ್ಟಿ ಉಬ್ಬೇತಿ. ಹೂಂ ಯಾರ್ ಅಂತೀರಿ?"

ಎಲ್ಲರೂ ಬುಟ್ಟಿ ಹಿಡಿದುಕೊಳ್ಳುವುದರಲ್ಲಿದ್ದರು. ನಾನು ತೊಡೆಯ ಮೇಲಿನ ಗಿಟಾರಿನ ಮರಕ್ಕೆ ಬೆರಳಿನಿಂದ ಬಡಿದೆ. ಅವಳು ಕಥೆ ಮುಂದುವರಿಸಿದಳು.

ಜಾಂಬೋಟಿಯಲ್ಲಿ ಬಸ್ಸು ನಿಲ್ಲಲಿಲ್ಲ. ಗುರುಸಿದ್ದ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಾ ಕಥೆ ಕೇಳುತ್ತಿದ್ದ. ಹೊಸ ಕಂಡಕ್ಟರ್ ಸುಜಯ ಬಾಯಿ ತೆರೆದುಕೊಂಡು ನಿಂತಿದ್ದ. ಸ್ಟಾಪಿನಲ್ಲಿ ನಿಂತವರು ಬುಟ್ಟಿ ಹೊತ್ತು ಬಯ್ಯುತ್ತಾ ಬಸ್ಸಿನ ಹಿಂದೆ ಓಡಿಬಂದರು. ಸುಜಯ ಎಚ್ಚೆತ್ತು ಗಂಟೆ ಹೊಡೆದ, ಬಸ್ಸು ಹಿಂದಕ್ಕೆ ಬಂತು. ಹತ್ತಿದವರು ಏದುಸಿರು ಬಿಡುತ್ತಾ, "ಏನ್ ಕಥೀ ಅದು?" ಎಂದು ಕೇಳಿದರು. ಹೆಂಗಸರು ಸರಿದು ಜಾಗ ಕೊಟ್ಟು, ಅವರಿಗಾಗಿ ಮತ್ತೆ ಮೊದಲಿನಿಂದ ಹೇಳತೊಡಗಿದರು.